ರಕ್ತ ಕಡಿಮೆಯೋ, ರಕ್ತ ಒಡೆಯುತ್ತಿದೆಯೋ? – ಹ್ಯಾಪ್ಟೋಗ್ಲೋಬಿನ್ ರಿಪೋರ್ಟ್ ಓದುವ ಬಗ್ಗೆ

(ಸ್ವಸಹಾಯ ಸಂಘಗಳ ಒಕ್ಕೂಟದ ಆರೋಗ್ಯ ಮಾಹಿತಿ ಸಭೆಯಲ್ಲಿ ಆಡಿದ ಮಾತು)



ಈ ಸಲದ ವಿಷಯ ನಾವು ಆರಿಸಿದ್ದಲ್ಲ, ನೀವೇ ಕೊಟ್ಟದ್ದು. ಇತ್ತೀಚೆಗೆ ಕೆಲವು ಸಂಘಗಳವರು ಲ್ಯಾಬಿನ ಕಾಗದ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದಿದ್ದರು. "ಸಿಸ್ಟರ್, ಇದರಲ್ಲಿ ಹ್ಯಾಪ್ಟೋಗ್ಲೋಬಿನ್ ಅಂತ ಬರೆದು ಪಕ್ಕದಲ್ಲಿ ಕಡಿಮೆ ಅಂತ ಗುರುತು ಹಾಕಿದ್ದಾರೆ, ಏನಾದರೂ ದೊಡ್ಡ ಕಾಯಿಲೆಯಾ?" ಅಂತ ಒಬ್ಬರು ಕೇಳಿದರು. ಇನ್ನೊಬ್ಬರು, "ಹಿಮೋಗ್ಲೋಬಿನ್ ಅನ್ನೋದನ್ನೇ ತಪ್ಪಾಗಿ ಅಚ್ಚು ಮಾಡಿದ್ದಾರೆ ಬಿಡಿ" ಅಂದುಬಿಟ್ಟರು. ತಪ್ಪು ಅಚ್ಚಲ್ಲ. ಎರಡೂ ಬೇರೆ ಬೇರೆ. ನಾವು ವೈದ್ಯರಲ್ಲ, ಸಮಾಜಕಾರ್ಯ ಓದಿದವರು. ಆದರೆ ಆಸ್ಪತ್ರೆಗೆ ನಿಮ್ಮ ಜೊತೆ ಓಡಾಡಿ, ವೈದ್ಯರ ಹತ್ತಿರ ಕೂತು ಕೇಳಿ ತಿಳಿದುಕೊಂಡದ್ದನ್ನು ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇವೆ.

ಹಿಮೋಗ್ಲೋಬಿನ್ ನಿಮಗೆಲ್ಲ ಗೊತ್ತು. ಅಂಗನವಾಡಿಯಲ್ಲಿ, ತಾಯಿ ಕಾರ್ಡಿನಲ್ಲಿ, ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಎಲ್ಲ ಕಡೆ ಅದೇ ಮಾತು. ರಕ್ತಕ್ಕೆ ಕೆಂಪು ಬಣ್ಣ ಕೊಡೋದು ಅದು, ಉಸಿರಿನ ಗಾಳಿಯನ್ನು ಮೈಯೆಲ್ಲ ಹೊತ್ತು ತಿರುಗೋದು ಅದು. ಗರ್ಭಿಣಿಯಲ್ಲದ ಹೆಂಗಸಿಗೆ 12 ಗ್ರಾಂ ಇರಬೇಕು, ಗರ್ಭಿಣಿಗೆ 11. ಅದಕ್ಕಿಂತ ಕೆಳಗೆ ಇಳಿದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ ನಮ್ಮ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಅಂದರೆ ಈ ಹಾಲಿನಲ್ಲಿ ಕೂತವರಲ್ಲಿ ಹೆಚ್ಚುಕಡಿಮೆ ಅರ್ಧ ಜನ.

ಈ ಅರ್ಧ ಜನರಲ್ಲಿ ತುಂಬಾ ಮಂದಿಗೆ ಕಾರಣ ಕಬ್ಬಿಣದ ಅಂಶ ಸಾಲದೆ ಇರುವುದು. ಹೆಚ್ಚು ಮುಟ್ಟು ಹೋಗುವುದು, ಮೇಲಿಂದ ಮೇಲೆ ಹೆರಿಗೆ, ಕೊಕ್ಕೆಹುಳು, ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವ ನಮ್ಮ ಅಭ್ಯಾಸ, ಇವೆಲ್ಲ ಸೇರಿ ಆಗುವುದು ಅದು. ಅದಕ್ಕೆ ಕಬ್ಬಿಣದ ಮಾತ್ರೆ ಬೇಕೇ ಬೇಕು. ಇವತ್ತು ನಾವು ಹೇಳುವುದನ್ನು ಕೇಳಿಕೊಂಡು ಮನೆಗೆ ಹೋಗಿ ಮಾತ್ರೆ ಬಿಟ್ಟೀರಿ, ಆ ಕೆಲಸ ಮಾತ್ರ ಬೇಡ.

ಆದರೆ ಎಲ್ಲರದ್ದೂ ಕಬ್ಬಿಣದ ಕೊರತೆಯಲ್ಲ. ಕೆಲವರಲ್ಲಿ ರಕ್ತ ಸರಿಯಾಗಿಯೇ ತಯಾರಾಗುತ್ತೆ, ಆದರೆ ತಯಾರಾದದ್ದು ಉಳಿಯೋದಿಲ್ಲ. ಕೆಂಪು ಕಣಗಳು ಅವಧಿಗೆ ಮುಂಚೆಯೇ ಒಡೆದು ಹೋಗುತ್ತವೆ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿವಸ. ಅದು ಹತ್ತಿಪ್ಪತ್ತು ದಿವಸಕ್ಕೇ ಒಡೆಯತೊಡಗಿದರೆ ಮೂಳೆಯೊಳಗಿನ ಮಜ್ಜೆ ಎಷ್ಟು ದುಡಿದರೂ ಸಾಲದು. ಸಂಘದ ಭಾಷೆಯಲ್ಲಿ ಹೇಳೋದಾದರೆ ಒಂದು ಮನೆಯಲ್ಲಿ ಆದಾಯವೇ ಇಲ್ಲ, ಇನ್ನೊಂದು ಮನೆಯಲ್ಲಿ ಆದಾಯ ಇದೆ, ಸೋರಿಕೆ ಜಾಸ್ತಿ. ಎರಡೂ ಮನೆಯ ಪಾಸ್‌ಬುಕ್ಕಿನಲ್ಲಿ ಕಾಣೋದು ಸೊನ್ನೆಯೇ. ಹಿಮೋಗ್ಲೋಬಿನ್ ಪರೀಕ್ಷೆ ಆ ಸೊನ್ನೆಯನ್ನು ಮಾತ್ರ ತೋರಿಸುತ್ತೆ. ಸೋರಿಕೆ ಇದೆಯಾ ಅಂತ ನೋಡಲು ವೈದ್ಯರು ಬರೆಸುವ ಪರೀಕ್ಷೆಗಳಲ್ಲಿ ಒಂದು ಈ ಹ್ಯಾಪ್ಟೋಗ್ಲೋಬಿನ್.

ಇದೇನು ವಸ್ತು ಅಂದರೆ, ನಮ್ಮ ಯಕೃತ್ತು, ಅಂದರೆ ಲಿವರ್, ತಯಾರಿಸಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನು. 1938ರಲ್ಲಿ ಪ್ಯಾರಿಸ್ಸಿನ ಇಬ್ಬರು ವಿಜ್ಞಾನಿಗಳು, ಪೊಲೊನೊವ್‌ಸ್ಕಿ ಮತ್ತು ಜೇಲ್ ಅಂತ, ಇದನ್ನು ಗುರುತಿಸಿದರು. ಗ್ರೀಕ್ ಭಾಷೆಯಲ್ಲಿ ಹಿಡಿದುಕೊಳ್ಳು ಅನ್ನುವ ಅರ್ಥದ ಮಾತಿನಿಂದ ಈ ಹೆಸರು ಬಂತು. ಹೆಸರಿನ ಹಾಗೇ ಇದರ ಕೆಲಸ. ಕಣ ಒಡೆದು ಚೆಲ್ಲಿದ ಹಿಮೋಗ್ಲೋಬಿನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ಹೋಗಿ ವಿಲೇವಾರಿ ಮಾಡಿಸೋದು. ಚೆಲ್ಲಿದ್ದು ಹಾಗೇ ಬಿಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು, ರಕ್ತನಾಳಕ್ಕೂ ತೊಂದರೆ.

ರಾಗಿ ಕಣ ನೆನೆಸಿಕೊಳ್ಳಿ. ಕಣದಲ್ಲಿ ರಾಗಿ ಬಿದ್ದಿದೆ, ಪಕ್ಕದಲ್ಲಿ ಖಾಲಿ ಗೋಣಿಚೀಲದ ಕಟ್ಟು ಇದೆ. ರಾಗಿ ತುಂಬಿದ ಚೀಲ ಮನೆಗೆ ಹೋಗುತ್ತೆ, ಅದೇ ಚೀಲ ಕಣಕ್ಕೆ ವಾಪಸು ಬರೋದಿಲ್ಲ. ಸಂಜೆ ನೀವು ಬಂದು ಖಾಲಿ ಚೀಲ ಮಾತ್ರ ಎಣಿಸುತ್ತೀರಿ. ಕಟ್ಟು ಹಾಗೇ ಇದ್ದರೆ ರಾಗಿ ಹೆಚ್ಚು ಬಿದ್ದಿಲ್ಲ ಅಂತ. ಒಂದು ಚೀಲವೂ ಉಳಿದಿಲ್ಲ ಅಂದರೆ ತುಂಬಾ ರಾಗಿ ಬಿದ್ದಿರಬೇಕು. ಹ್ಯಾಪ್ಟೋಗ್ಲೋಬಿನ್ ಪರೀಕ್ಷೆ ಅನ್ನೋದು ಖಾಲಿ ಚೀಲದ ಎಣಿಕೆ. ಹಾಗಾಗಿ ಇಲ್ಲಿ ಚಿಂತೆಗೆ ಕಾರಣ ಆಗೋದು ಸಾಮಾನ್ಯವಾಗಿ ಕಡಿಮೆ ಅಂಕಿ, ಹೆಚ್ಚು ಅಂಕಿಯಲ್ಲ.

ಈಗ ಅಂಕಿಗೆ ಬರೋಣ. ದೊಡ್ಡವರಲ್ಲಿ ಸಾಮಾನ್ಯ ಮಟ್ಟ ಸುಮಾರು 30ರಿಂದ 200 ಮಿಲಿಗ್ರಾಂ, ಒಂದು ಡೆಸಿಲೀಟರ್ ರಕ್ತದ್ರವಕ್ಕೆ. ಪ್ರತಿ ಲ್ಯಾಬೂ ತನ್ನ ಯಂತ್ರಕ್ಕೆ ತಕ್ಕ ಹಾಗೆ ಸ್ವಲ್ಪ ಆಚೀಚೆ ಮಾಡಿ ಬರೆದಿರುತ್ತೆ. ಆದ್ದರಿಂದ ನಿಮ್ಮ ಅಂಕಿಯನ್ನು ಪಕ್ಕದ ಮನೆಯವರ ರಿಪೋರ್ಟಿನ ಜೊತೆ ಹೋಲಿಸಬೇಡಿ. ಅದೇ ಕಾಗದದಲ್ಲಿ ಬಲಗಡೆ ಅಚ್ಚಾಗಿರುವ ಮಟ್ಟದ ಜೊತೆ ನೋಡಿ. ಇನ್ನೊಂದು ಗೊಂದಲ ಇದೆ, ಇದರಿಂದ ನಮ್ಮ ಹತ್ತಿರ ಬಂದ ಒಬ್ಬ ತಾಯಿ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಮೊದಲ ಲ್ಯಾಬಿನಲ್ಲಿ ಮಗಳಿಗೆ 90 ಬಂದಿತ್ತು, ಎರಡನೇ ಲ್ಯಾಬಿನಲ್ಲಿ 0.9. "ತೊಂಬತ್ತು ಇದ್ದದ್ದು ಒಂದಕ್ಕೂ ಕಡಿಮೆ ಆಗಿಹೋಯ್ತಲ್ಲ ಸಿಸ್ಟರ್!" ಆಗಿರಲಿಲ್ಲ. ಎರಡನೇ ಲ್ಯಾಬಿನವರು ಲೀಟರಿಗೆ ಇಷ್ಟು ಗ್ರಾಂ ಅಂತ ಲೆಕ್ಕ ಬರೆದಿದ್ದರು. ಲೀಟರಿಗೆ ಒಂದು ಗ್ರಾಂ ಅಂದರೆ ಡೆಸಿಲೀಟರಿಗೆ ನೂರು ಮಿಲಿಗ್ರಾಂ. ಎರಡೂ ಒಂದೇ, ಅರ್ಧ ಕೆಜಿ ಅನ್ನೋದೂ ಐನೂರು ಗ್ರಾಂ ಅನ್ನೋದೂ ಒಂದೇ ಆದ ಹಾಗೆ. ಆ ಲೆಕ್ಕದಲ್ಲಿ ಸಾಮಾನ್ಯ ಮಟ್ಟ 0.3ರಿಂದ 2.0. ಅಂಕಿ ನೋಡುವ ಮೊದಲು ಅಳತೆ ಯಾವುದು ಅಂತ ನೋಡಿ. ಸಂಘದ ಲೆಕ್ಕಪುಸ್ತಕ ಬರೆಯುವ ನಿಮಗೆ ಇದು ಕಷ್ಟವಲ್ಲ.

ಅಂಕಿ 25ಕ್ಕಿಂತ ಕೆಳಗೆ ಇಳಿದಿದ್ದರೆ, ಅದರಲ್ಲೂ 10ಕ್ಕಿಂತ ಕಡಿಮೆ ಅಂತ ಬಂದಿದ್ದರೆ, ರಕ್ತ ಒಡೆಯುತ್ತಿರಬಹುದು ಅಂತ ವೈದ್ಯರು ಬಲವಾಗಿ ಅನುಮಾನಿಸುತ್ತಾರೆ. ಅನುಮಾನ ಅಷ್ಟೇ, ತೀರ್ಮಾನ ಅಲ್ಲ. ಯಾಕೆ ಅಂದರೆ ಖಾಲಿ ಚೀಲ ಇಲ್ಲದೆ ಹೋಗಲು ಬೇರೆ ಕಾರಣವೂ ಇರಬಹುದಲ್ಲ? ಚೀಲ ಹೊಲಿಯುವವನೇ ಮಲಗಿದ್ದರೆ? ಲಿವರ್ ಹಾಳಾದವರಲ್ಲಿ, ಕುಡಿತದಿಂದ ಲಿವರ್ ಕೆಟ್ಟ ಗಂಡಸರಲ್ಲಿ ನೋಡುತ್ತೀರಲ್ಲ, ಹ್ಯಾಪ್ಟೋಗ್ಲೋಬಿನ್ ತಯಾರಾಗೋದೇ ಕಡಿಮೆ. ಹುಟ್ಟಿದ ಮಕ್ಕಳಲ್ಲಿ ಮೊದಲ ಕೆಲವು ತಿಂಗಳು ಇದು ಬಹಳ ಕಡಿಮೆ ಇರೋದೇ ಸಹಜ. ಗರ್ಭನಿರೋಧಕ ಮಾತ್ರೆ ನುಂಗುವವರಲ್ಲಿ ಸ್ವಲ್ಪ ಇಳಿಯಬಹುದು. ವಂಶದಿಂದಲೂ ವ್ಯತ್ಯಾಸ ಉಂಟು. ಈ ಪ್ರೋಟೀನಿನಲ್ಲಿ ಮೂರು ಮುಖ್ಯ ಬಗೆ ಇವೆ, ನಮ್ಮ ದೇಶದವರಲ್ಲಿ ಹೆಚ್ಚಾಗಿ ಕಾಣೋ ಬಗೆಯಲ್ಲಿ ಮಟ್ಟ ಉಳಿದವರಿಗಿಂತ ಸ್ವಲ್ಪ ಕೆಳಗೇ ಇರುತ್ತೆ. ಬಿ12 ಜೀವಸತ್ವ ತೀರಾ ಕಡಿಮೆಯಾದವರಲ್ಲಿ ಕಣಗಳು ಮಜ್ಜೆಯೊಳಗೇ ಹಾಳಾಗೋದರಿಂದ ಇದೂ ಇಳಿಯುತ್ತೆ. ಮಾಂಸ, ಮೊಟ್ಟೆ ಮುಟ್ಟದೆ, ಹಾಲು ಮೊಸರೂ ಕಾಣದೆ ವರ್ಷಗಟ್ಟಲೆ ಕಳೆದವರಲ್ಲಿ ಇದನ್ನು ಮರೆಯಬಾರದು. ಅದಕ್ಕೆ ಔಷಧಿ ಸುಲಭವಾಗಿ ಸಿಗುತ್ತೆ.

ಇದರ ತಿರುಗುಮುರುಗು ಕೂಡ ಇದೆ. ಮೈಯಲ್ಲಿ ಎಲ್ಲಾದರೂ ಸೋಂಕು, ಊತ, ಕೀಲುವಾತ ಇದ್ದರೆ ಲಿವರ್ ಇದನ್ನು ಎರಡರಷ್ಟು, ಅದಕ್ಕೂ ಜಾಸ್ತಿ ತಯಾರಿಸುತ್ತೆ. ಆಗ ರಕ್ತ ಒಡೆಯುತ್ತಿದ್ದರೂ ಅಂಕಿ ಸಾಮಾನ್ಯ ಅಂತ ಬರಬಹುದು. ಚೀಲದ ಗಾಡಿ ಆಗಷ್ಟೇ ಬಂದು ಇಳಿಸಿ ಹೋದ ಹಾಗೆ. ಕಣಗಳು ಗುಲ್ಮದ ಒಳಗೇ ಒಡೆಯುತ್ತಿದ್ದರೆ (ಗುಲ್ಮ ಅಂದರೆ ಎಡಗಡೆ ಪಕ್ಕೆಲುಬಿನ ಕೆಳಗಿರುವ ಅಂಗ) ಕೆಲವೊಮ್ಮೆ ಅಂಕಿ ಅಷ್ಟಾಗಿ ಇಳಿಯೋದಿಲ್ಲ. ಬರೀ ಹೆಚ್ಚು ಅಂತ ಬಂದರೆ ಹೆದರಬೇಡಿ, ಜ್ವರವೋ ಊತವೋ ಇದ್ದದ್ದನ್ನು ಹೇಳುತ್ತಿದೆ ಅಷ್ಟೆ.

ಹಾಗಾದರೆ ಗೊತ್ತು ಮಾಡೋದು ಹೇಗೆ? ಇದೊಂದನ್ನೇ ನಂಬಿ ಯಾವ ಒಳ್ಳೆಯ ವೈದ್ಯರೂ ಮಾತಾಡೋದಿಲ್ಲ. ಜೊತೆಗೆ ಇನ್ನೂ ಮೂರು ನಾಲ್ಕು ಅಂಕಿ ನೋಡುತ್ತಾರೆ. ರೆಟಿಕ್ಯುಲೊಸೈಟ್ ಅಂದರೆ ಆಗಷ್ಟೇ ಹುಟ್ಟಿದ ಎಳೆ ಕಣಗಳು. ಒಡೆದದ್ದನ್ನು ತುಂಬಲು ಮಜ್ಜೆ ಅವಸರದಲ್ಲಿ ದುಡಿಯುತ್ತಿದ್ದರೆ ಇವು ಹೆಚ್ಚುತ್ತವೆ. ಬಿಲಿರುಬಿನ್, ಅದರಲ್ಲೂ ಇನ್‌ಡೈರೆಕ್ಟ್ ಅನ್ನುವ ಭಾಗ, ಏರುತ್ತೆ. ಎಲ್‌ಡಿಎಚ್ ಏರುತ್ತೆ. ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಣಗಳ ಆಕಾರವೇ ಅರ್ಧ ಕಥೆ ಹೇಳುತ್ತೆ. ಈ ಗಾಜಿನ ಪರೀಕ್ಷೆ ಹಳೆಯದು, ಖರ್ಚೂ ಕಡಿಮೆ, ಆದರೂ ಈಗ ಬಹಳ ಕಡೆ ಯಂತ್ರದ ಚೀಟಿ ಬಂದ ಮೇಲೆ ಇದನ್ನು ಬಿಟ್ಟೇಬಿಡುತ್ತಾರೆ. ನಮಗೆ ಇದು ಸರಿ ಅನ್ನಿಸೋದಿಲ್ಲ.

ಇಷ್ಟೆಲ್ಲ ನಮಗೆ ಯಾಕೆ ಸಿಸ್ಟರ್, ವೈದ್ಯರು ನೋಡಿಕೊಳ್ಳಲಿ ಅಂತ ಹಿಂದಿನ ಸಾಲಿನಲ್ಲಿ ಯಾರೋ ಅನ್ನುತ್ತಿದ್ದೀರಿ. ಯಾಕೆ ಅಂತ ಹೇಳುತ್ತೇವೆ.

ನಮ್ಮ ಒಂದು ಸಂಘದ ಸದಸ್ಯೆಯ ಸೊಸೆ. ಹೆಸರೂ ಊರೂ ಬೇಡ, ಮನೆಯವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇವೆ. ಎರಡನೇ ಹೆರಿಗೆಯಾಗಿ ಒಂದು ವರ್ಷ ಆಗಿತ್ತು. ನೀರು ಸೇದಿದರೆ ಏದುಸಿರು, ಮೆಟ್ಟಿಲು ಹತ್ತಿದರೆ ಎದೆ ಡವಡವ. ಹಿಮೋಗ್ಲೋಬಿನ್ ಏಳರ ಒಳಗೆ. ಕಬ್ಬಿಣದ ಮಾತ್ರೆ ಕೊಟ್ಟರು, ಮೂರು ತಿಂಗಳು ತಪ್ಪದೆ ನುಂಗಿದಳು, ಏನೂ ಏರಲಿಲ್ಲ. "ನುಂಗ್ತೀನಿ ಅಂತ ಹೇಳಿ ಬಚ್ಚಲಿಗೆ ಎಸೀತಾಳೆ" ಅಂತ ಮನೆಯಲ್ಲಿ ಮಾತು ಶುರುವಾಯಿತು. ಕೆಲಸಗಳ್ಳಿ ಅನ್ನುವ ಹೆಸರೂ ಬಂತು. ಆಮೇಲೆ ಕಣ್ಣು ಹಳದಿಯಾಯಿತು. ಕಣ್ಣು ಹಳದಿಯಾದರೆ ನಮ್ಮ ಕಡೆ ಏನು ಹೇಳುತ್ತಾರೆ? ಕಾಮಾಲೆ! ಸೊಪ್ಪಿನ ಔಷಧಿ, ಉಪ್ಪಿಲ್ಲ, ಎಣ್ಣೆಯಿಲ್ಲ, ಕಾಳಿಲ್ಲ, ಬರೀ ಗಂಜಿ, ಪಥ್ಯ. ಆರು ವಾರ. ಮೊದಲೇ ರಕ್ತ ಒಡೆದು ಸೋತ ದೇಹ, ಅದಕ್ಕೆ ಊಟವನ್ನೂ ಕಿತ್ತುಕೊಂಡ ಹಾಗಾಯಿತು. ಪುಣ್ಯಕ್ಕೆ ಮುಂಗೈಗೆ ಬರೆ ಹಾಕಿಸಿರಲಿಲ್ಲ. ಆ ಕೆಲಸವನ್ನೂ ಮಾಡುವವರು ಇದ್ದಾರೆ, ನಿಮಗೆ ಗೊತ್ತು.

ಕೊನೆಗೆ ಅತ್ತೆಯೇ ಸಂಘದಲ್ಲಿ ಸಾಲ ಕೇಳಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿ ಹ್ಯಾಪ್ಟೋಗ್ಲೋಬಿನ್ 10ಕ್ಕಿಂತ ಕಡಿಮೆ, ಎಳೆ ಕಣ ಬಹಳ ಹೆಚ್ಚು, ಎಲ್‌ಡಿಎಚ್ ಹೆಚ್ಚು. ಮುಂದೆ ಕೂಂಬ್ಸ್ ಅನ್ನುವ ಪರೀಕ್ಷೆ ಮಾಡಿದರು. ಮೈಯ ರಕ್ಷಣೆಗೆ ಇರೋ ಶಕ್ತಿಯೇ ತನ್ನ ಕೆಂಪು ಕಣಗಳ ಮೇಲೆ ತಿರುಗಿ ಬಿದ್ದಿತ್ತು. ಕಾಮಾಲೆಯೂ ಅಲ್ಲ, ಕಬ್ಬಿಣದ ಕೊರತೆಯೂ ಅಲ್ಲ, ಸೋಮಾರಿತನ ಮೊದಲೇ ಅಲ್ಲ. ಸ್ಟೀರಾಯ್ಡ್ ಮಾತ್ರೆ ಶುರುಮಾಡಿದರು, ಜೊತೆಗೆ ಫೋಲಿಕ್ ಆಸಿಡ್. ಎರಡು ತಿಂಗಳಿಗೆ ಹಿಮೋಗ್ಲೋಬಿನ್ ಹತ್ತು ದಾಟಿತು. ಈಗ ಔಷಧಿಯನ್ನು ವೈದ್ಯರೇ ನಿಧಾನವಾಗಿ ಇಳಿಸುತ್ತಿದ್ದಾರೆ. ಸ್ಟೀರಾಯ್ಡ್ ಮಾತ್ರೆಯನ್ನು ಚೆನ್ನಾಗಿದ್ದೀನಿ ಅಂತ ತಾನೇ ಒಂದೇ ಸಲಕ್ಕೆ ನಿಲ್ಲಿಸೋದು ಅಪಾಯ, ಇದನ್ನು ಗುರುತಿಟ್ಟುಕೊಳ್ಳಿ.

ಇದಕ್ಕೇ ನಾವು ಹೇಳೋದು, ನಿಮಗೆ ಅಂಕಿ ಬಾಯಿಪಾಠ ಬೇಡ, ಲಕ್ಷಣ ಗೊತ್ತಿರಲಿ. ಸರಿಯಾಗಿ ಮಾತ್ರೆ ನುಂಗಿದರೂ ಎರಡು ಮೂರು ತಿಂಗಳಲ್ಲಿ ರಕ್ತ ಏರುತ್ತಿಲ್ಲ. ಸುಸ್ತಿನ ಜೊತೆ ಕಣ್ಣು ಆಗಾಗ ಹಳದಿ. ಎಡಪಕ್ಕೆಯ ಕೆಳಗೆ ಭಾರ, ಗಡ್ಡೆಯ ಹಾಗೆ ಕೈಗೆ ತಗಲುತ್ತೆ. ಚಿಕ್ಕ ವಯಸ್ಸಿಗೇ ಪಿತ್ತಕೋಶದಲ್ಲಿ ಕಲ್ಲು. ಮನೆಯಲ್ಲಿ ಅಕ್ಕನಿಗೋ ತಮ್ಮನಿಗೋ ಹೀಗೇ ಇತ್ತು. ಇಂಥದ್ದು ಕಂಡರೆ ವೈದ್ಯರ ಮುಂದೆ ಬಾಯಿಬಿಟ್ಟು ಕೇಳಿ, "ರಕ್ತ ಒಡೆಯುತ್ತಾ ಇರಬಹುದಾ ಸಾರ್, ನೋಡ್ತೀರಾ?" ಅಂತ. ಕೇಳಿದರೆ ಬೈಯುತ್ತಾರೆ ಅಂತ ಹೆದರಬೇಡಿ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಮಾತ್ರ ನಾಳೆ, ನಾಡಿದ್ದು ಅನ್ನಬೇಡಿ, ಆವತ್ತೇ ಆಸ್ಪತ್ರೆ. ರಕ್ತ ಏರಿಸುವಾಗ ಚಳಿ ನಡುಕ, ಬೆನ್ನುನೋವು, ಉಬ್ಬಸ ಬಂದರೆ ಆ ಕ್ಷಣವೇ ನರ್ಸಮ್ಮನನ್ನು ಕೂಗಿ. ಗುಂಪು ಹೊಂದದ ರಕ್ತವಾದರೆ ಕಣಗಳು ಒಂದೇ ಸಮನೆ ಒಡೆಯುತ್ತವೆ.

ರಕ್ತ ಒಡೆಯಲು ಕಾರಣ ಹಲವು. ಮಲೇರಿಯಾದಲ್ಲಿ ಒಡೆಯುತ್ತೆ. ಜಿ6ಪಿಡಿ ಅನ್ನುವ ಕಿಣ್ವ ಹುಟ್ಟಿನಿಂದ ಕಡಿಮೆ ಇರುವವರಿಗೆ, ಹೆಚ್ಚಾಗಿ ಗಂಡುಮಕ್ಕಳಿಗೆ, ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಮಾತ್ರೆಯಿಂದ ಒಡೆಯಬಹುದು. ಅಂಥ ಮಗುವಿಗೆ ಬಟ್ಟೆಪೆಟ್ಟಿಗೆಯ ನುಸಿಗುಳಿಗೆ ಕೂಡ ಆಗಿಬರೋದಿಲ್ಲ. ಬಸುರಿಯಲ್ಲಿ ರಕ್ತದೊತ್ತಡ ವಿಪರೀತವಾಗಿ ಮೇಲುಹೊಟ್ಟೆ ನೋವು ಬಂದಾಗಲೂ ಒಡೆಯುವ ಸಂದರ್ಭ ಉಂಟು. ಅದು ತಾಯಿ ಮಗು ಇಬ್ಬರಿಗೂ ಜೀವದ ಪ್ರಶ್ನೆ.

ವಂಶದಿಂದ ಬರುವ ಥಲಸ್ಸೀಮಿಯಾ, ಕುಡಗೋಲು ಕಣದ ಕಾಯಿಲೆ (ಸಿಕಲ್ ಸೆಲ್ ಅಂತಾರಲ್ಲ ಅದು), ಇವುಗಳ ಬಗ್ಗೆ ಒಂದಿಷ್ಟು ಹೆಚ್ಚು ಹೇಳಬೇಕು. ಸಿಕಲ್ ಸೆಲ್ ನಮ್ಮ ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಜೇನುಕುರುಬ, ಸೋಲಿಗ ಮುಂತಾದ ಕಾಡಂಚಿನ ಸಮುದಾಯಗಳಲ್ಲಿ ಇದೆ. 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಇದರ ನಿರ್ಮೂಲನೆಗೆ ರಾಷ್ಟ್ರೀಯ ಯೋಜನೆ ಶುರುವಾಯಿತು. 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆ ಅದರ ಗುರಿ, ಕರ್ನಾಟಕವೂ ಅದರಲ್ಲಿ ಸೇರಿದೆ. ಹಾಡಿಗೆ ತಪಾಸಣೆಯವರು ಬಂದಾಗ ಬೆರಳು ಚುಚ್ಚಿಸಿಕೊಳ್ಳಲು ಹಿಂಜರಿಯಬೇಡಿ ಅಂತ ನಿಮ್ಮ ಅಕ್ಕಪಕ್ಕದವರಿಗೆ ಹೇಳಿ. ಹ್ಯಾಪ್ಟೋಗ್ಲೋಬಿನ್ ಇಲ್ಲಿ ಒಡೆಯುತ್ತಿದೆ ಅಂತ ಮಾತ್ರ ಹೇಳೀತು, ಕಾಯಿಲೆ ಯಾವುದು ಅಂತ ಹೇಳಲು ಬೇರೆ ಪರೀಕ್ಷೆಯೇ ಬೇಕು. ತಾಯಿ ತಂದೆ ಇಬ್ಬರಲ್ಲೂ ಇದರ ಅಂಶ ಇದ್ದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಂಭವ. ಹೆಂಡತಿಯ ಕಡೆಯಿಂದ ಮಾತ್ರ ಬಂತು ಅನ್ನೋದು ಸುಳ್ಳು, ಇಬ್ಬರಿಂದಲೂ ಬರಬೇಕು. ಈ ಮಾತನ್ನು ನಿಮ್ಮ ಮನೆಯ ಗಂಡಸರಿಗೂ ಹೇಳಿ. ಇಂಥ ಕಾಯಿಲೆಯವರಿಗೆ ವೈದ್ಯರನ್ನು ಕೇಳದೆ ಕಬ್ಬಿಣದ ಟಾನಿಕ್ ತಂದು ಕುಡಿಸಬೇಡಿ. ಮತ್ತೆ ಮತ್ತೆ ರಕ್ತ ಏರಿಸಿಕೊಳ್ಳುವವರ ಮೈಯಲ್ಲಿ ಕಬ್ಬಿಣ ಮೊದಲೇ ಜಾಸ್ತಿಯಾಗಿರುತ್ತೆ, ಅದು ಹೃದಯಕ್ಕೂ ಲಿವರಿಗೂ ಕೆಟ್ಟದ್ದು.

ಚೀಟಿಯಲ್ಲಿ ಬರೆದು ಕೊಟ್ಟ ಪ್ರಶ್ನೆಗಳಿಗೆ ಬರೋಣ.

ಖಾಲಿ ಹೊಟ್ಟೆಯಲ್ಲಿ ಹೋಗಬೇಕಾ? ಇದಕ್ಕೆ ಬೇಡ. ಜೊತೆಗೆ ಸಕ್ಕರೆ ಪರೀಕ್ಷೆಯೂ ಇದ್ದರೆ ಅವರು ಹೇಳಿದ ಹಾಗೆ ಮಾಡಿ. ನುಂಗುತ್ತಿರುವ ಎಲ್ಲ ಮಾತ್ರೆಗಳ ಹಾಳೆ ತೆಗೆದುಕೊಂಡು ಹೋಗಿ, ನಾಟಿ ಔಷಧಿ ಕುಡಿದಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ.

ಎರಡು ಸಲ ಬೇರೆ ಬೇರೆ ಅಂಕಿ ಬಂತು, ಯಾವುದು ನಿಜ? ರಕ್ತ ತೆಗೆಯುವಾಗ ಸೂಜಿ ಸರಿಯಾಗಿ ಕೂರದೆ ಎಳೆದಾಡಿದರೆ, ಟ್ಯೂಬನ್ನು ಜೋರಾಗಿ ಅಲ್ಲಾಡಿಸಿದರೆ, ಕಣಗಳು ಟ್ಯೂಬಿನಲ್ಲೇ ಒಡೆಯುತ್ತವೆ. ಆಗ ರಿಪೋರ್ಟ್ ಮೋಸ ಮಾಡುತ್ತೆ. ಮಾದರಿ ಒಡೆದಿದೆ ಅಂತ ಕೆಳಗೆ ಒಂದು ಸಾಲು ಬರೆದಿರುತ್ತಾರೆ, ಅದನ್ನು ಓದಿಸಿ. ಹಾಗಿದ್ದರೆ ಮತ್ತೆ ರಕ್ತ ಕೊಡಬೇಕು.

ಪ್ಯಾಕೇಜಿನಲ್ಲಿ ಎಲ್ಲ ಪರೀಕ್ಷೆ ಒಟ್ಟಿಗೆ ಮಾಡಿಸಬಹುದಾ? ನಮ್ಮ ಅಭಿಪ್ರಾಯ ಕೇಳಿದರೆ, ಬೇಡ. ವೈದ್ಯರು ಬರೆದುಕೊಡದೆ ಹ್ಯಾಪ್ಟೋಗ್ಲೋಬಿನ್ ಮಾಡಿಸುವುದು ದುಡ್ಡು ದಂಡ. ಎಷ್ಟೋ ಕಡೆ ಇದನ್ನು ಊರಿನಲ್ಲಿ ಮಾಡದೆ ದೊಡ್ಡ ನಗರಕ್ಕೆ ಕಳಿಸುತ್ತಾರೆ, ಖರ್ಚೂ ಸಾದಾ ರಕ್ತ ಪರೀಕ್ಷೆಗಿಂತ ಹೆಚ್ಚು. ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ಪೂರ್ತಿ ರಕ್ತದ ಎಣಿಕೆ, ಗಾಜಿನ ಪರೀಕ್ಷೆ ಆಗಲಿ. ಅಲ್ಲಿಂದ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೋ ಮೆಡಿಕಲ್ ಕಾಲೇಜಿಗೋ ಹೋಗಿ, ಆಯುಷ್ಮಾನ್ ಕಾರ್ಡ್, ರೇಷನ್ ಕಾರ್ಡ್ ಎರಡೂ ಕೈಚೀಲದಲ್ಲಿರಲಿ.

ಕೊನೆಯ ಚೀಟಿ, ಪರೀಕ್ಷೆಗೆ ಅಂತ ಸಂಘದಿಂದ ಸಾಲ ಕೊಡಬಹುದಾ, ಇದು ಉತ್ಪಾದಕ ಸಾಲ ಅಲ್ಲವಲ್ಲ ಅಂತ ಒಬ್ಬರು ಬರೆದಿದ್ದೀರಿ. ಆ ಸೊಸೆ ಈಗ ದಿನಾ ಎರಡು ಹಸು ಹಾಲು ಕರೆದು ಡೇರಿಗೆ ಹಾಕುತ್ತಿದ್ದಾಳೆ, ಸಾಲದ ಕಂತನ್ನು ಅತ್ತೆ ಆ ಬಟವಾಡೆಯಿಂದಲೇ ಕಟ್ಟುತ್ತಿದ್ದಾರೆ. ತುರ್ತು ನಿಧಿ ಇಟ್ಟಿರುವ ಸಂಘದವರು ಅದರಿಂದ ಕೊಡಿ. ಇಲ್ಲದವರು ಈ ತಿಂಗಳ ಸಭೆಯಲ್ಲಿ ನಿರ್ಣಯ ಬರೆದು, ಎಲ್ಲರ ಸಹಿ ಹಾಕಿಸಿ, ಆರೋಗ್ಯಕ್ಕೆ ಅಂತ ಬೇರೆ ಖಾತೆ ಪುಟ ತೆರೆಯಿರಿ. ಬರೆಯುವ ಬಗೆ ಗೊತ್ತಾಗದಿದ್ದರೆ ನಮ್ಮ ಕಾರ್ಯಕರ್ತೆ ಬಂದು ತೋರಿಸುತ್ತಾರೆ.